ನಳಿಕೆಯ ಮೂಲಕ ದೀರ್ಘಕಾಲ ಆಹಾರ: ಮರೆಗುಳಿ ರೋಗ ಮತ್ತು ಮಾನಸಿಕ ಕಾಯಿಲೆಯವರ ಆರೈಕೆಗೆ ಸಮಗ್ರ ಮಾರ್ಗದರ್ಶಿ

ಮೂಗಿನಲ್ಲೋ ಹೊಟ್ಟೆಯ ಮೇಲೋ ನಳಿಕೆ ಹಾಕಿಸಿಕೊಂಡು ಮನೆಗೆ ಬಂದವರು ಮತ್ತೆ ಆಸ್ಪತ್ರೆ ಸೇರಬೇಕಾಗುವ ಕಾರಣಗಳು ಬಹುಪಾಲು ಒಂದೇ ಬಗೆಯವು. ನಳಿಕೆಯ ತುದಿ ಹೊಟ್ಟೆಯಲ್ಲೇ ಇದೆಯೇ ಎಂದು ನೋಡದೆ ನೀರು ಬಿಟ್ಟಿರುತ್ತಾರೆ. ಮಲಗಿಸಿಯೇ ಆಹಾರ ಕೊಟ್ಟಿರುತ್ತಾರೆ. ಮಾತ್ರೆಗಳನ್ನೆಲ್ಲ ಒಟ್ಟಿಗೆ ಪುಡಿಮಾಡಿ ಸುರಿದು ನಳಿಕೆ ಕಟ್ಟಿಕೊಂಡಿರುತ್ತದೆ. ಇಲ್ಲವೇ ರೋಗಿಯೇ ಅದನ್ನು ಕಿತ್ತುಹಾಕಿರುತ್ತಾರೆ.

ಮಾತನಾಡುವ ರೋಗಿಯಾದರೆ ‘ಹೊಟ್ಟೆ ಬಿಗಿಯುತ್ತಿದೆ, ನಿಲ್ಲಿಸಿ’ ಎನ್ನುತ್ತಾರೆ. ಮರೆಗುಳಿ ರೋಗ ಬಲಿತವರು, ಮಾನಸಿಕ ಕಾಯಿಲೆಯಿಂದ ಮಾತೇ ನಿಂತವರು ಹಾಗೆ ಹೇಳಲಾರರು. ಅದಕ್ಕಾಗಿಯೇ ಇಲ್ಲಿ ಕೆಲಸದ ಅನುಕ್ರಮಕ್ಕೆ ಇಷ್ಟು ಒತ್ತು ಕೊಟ್ಟಿದ್ದೇನೆ. ಕೆಳಗಿನ ಅಳತೆಗಳು ವಯಸ್ಕರಿಗೆ ಸಾಮಾನ್ಯವಾಗಿ ಅನ್ವಯಿಸುವಂಥವು. ನಿಮ್ಮ ವೈದ್ಯರು ಬೇರೆ ಅಳತೆ ಬರೆದುಕೊಟ್ಟಿದ್ದರೆ ಅದನ್ನೇ ಪಾಲಿಸಿ.

ಹಂತ 1: ನಳಿಕೆ ಬೇಕೇ ಎಂದು ತೀರ್ಮಾನಿಸುವುದು

ಅತಿ ಹೆಚ್ಚು ಅವಸರ ನಡೆಯುವುದು ಈ ಹಂತದಲ್ಲೇ. ಊಟ ಬಿಟ್ಟರು ಎಂದ ತಕ್ಷಣ ನಳಿಕೆಯ ಮಾತಿಗೆ ಹೋಗಬೇಡಿ; ಊಟ ಬಿಟ್ಟಿದ್ದು ಏಕೆ ಎಂದು ಮೊದಲು ಹುಡುಕಿ. ಬಾಯಿ ತೆರೆಸಿ ಟಾರ್ಚ್ ಬೆಳಕಿನಲ್ಲಿ ನೋಡಿ: ಹುಣ್ಣು, ನಾಲಿಗೆಯ ಮೇಲೆ ಶಿಲೀಂಧ್ರದ ಬಿಳಿ ಪದರ, ಹುಳುಕು ಹಲ್ಲು, ಸಡಿಲವಾದ ಕಟ್ಟುಹಲ್ಲು ಇವೆಯೇ? ಮಲಬದ್ಧತೆ, ಮೂತ್ರದ ಸೋಂಕು, ಹೇಳಿಕೊಳ್ಳಲಾಗದ ನೋವು, ಖಿನ್ನತೆ ಕೂಡ ಊಟ ಬಿಡಿಸುತ್ತವೆ.

ಆಮೇಲೆ ಔಷಧಗಳ ಪಟ್ಟಿಯನ್ನು ವೈದ್ಯರ ಮುಂದಿಟ್ಟು ಒಂದೊಂದನ್ನೂ ಪರಿಶೀಲಿಸಲು ಕೇಳಿ. ಮರೆಗುಳಿ ರೋಗಕ್ಕೆ ಕೊಡುವ ಡೊನೆಪೆಜಿಲ್‌ನಿಂದ ಹಸಿವು ಕುಗ್ಗಿ ತೂಕ ಇಳಿಯಬಹುದು. ಭ್ರಮೆ, ಕೆರಳಾಟಕ್ಕೆ ಕೊಡುವ ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್‌ನಂಥ ಔಷಧಗಳು ಸ್ನಾಯುಗಳನ್ನು ಬಿಗಿಗೊಳಿಸಿ ನುಂಗುವುದನ್ನೇ ಕಷ್ಟವಾಗಿಸಬಹುದು. ನಿದ್ರೆಯ ಮಾತ್ರೆಯ ಮಂಪರಿನಲ್ಲಿರುವವರು ತುತ್ತನ್ನು ಬಾಯಲ್ಲೇ ಇಟ್ಟುಕೊಂಡಿರುತ್ತಾರೆ. ಔಷಧ ಬದಲಾಯಿಸಿದ ಮೇಲೆ ಮತ್ತೆ ಊಟ ಮಾಡುವವರಿದ್ದಾರೆ.

ಮರೆಗುಳಿ ರೋಗದ ಕೊನೆಯ ಘಟ್ಟದ ಮಾತು ಬೇರೆ. ರೋಗಿ ಹಾಸಿಗೆ ಹಿಡಿದು, ಮಾತು ನಿಂತು, ನುಂಗುವ ಶಕ್ತಿ ಕುಂದಿದ ಈ ಘಟ್ಟದಲ್ಲಿ ನಳಿಕೆಯಿಂದ ಆಯುಸ್ಸು ಹೆಚ್ಚುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. 2009ರಲ್ಲಿ ಮತ್ತು 2021ರಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆಗಳೆರಡೂ (ಹಲವು ಅಧ್ಯಯನಗಳನ್ನು ಒಟ್ಟಾಗಿ ತೂಗಿ ನೋಡುವ ವರದಿಗಳು) ಇದನ್ನೇ ಹೇಳಿವೆ. ಎರಡನೆಯದು ಹಾಸಿಗೆ ಹುಣ್ಣಿನ ಅಪಾಯ ಹೆಚ್ಚಬಹುದು ಎಂಬುದನ್ನೂ ಗುರುತಿಸಿದೆ. ವೃದ್ಧರ ಆರೋಗ್ಯ ತಜ್ಞರ ಸಂಘವಾದ ಅಮೆರಿಕನ್ ಜೆರಿಯಾಟ್ರಿಕ್ಸ್ ಸೊಸೈಟಿ 2014ರ ತನ್ನ ನಿಲುವಿನಲ್ಲಿ ಇಂಥವರಿಗೆ ನಳಿಕೆ ಬೇಡ, ಎಚ್ಚರದಿಂದ ಕೈಯಾರೆ ಉಣಿಸಿ ಎಂದಿದೆ. ನಳಿಕೆ ಹಾಕಿದರೆ ನ್ಯುಮೋನಿಯಾ ತಪ್ಪುತ್ತದೆ ಎಂಬ ನಂಬಿಕೆಯೂ ನಿಲ್ಲುವುದಿಲ್ಲ. ಎಂಜಲು ಮತ್ತು ಹೊಟ್ಟೆಯಿಂದ ಮೇಲೆ ಬರುವ ದ್ರವ ಶ್ವಾಸನಾಳಕ್ಕೆ ಇಳಿಯುವುದನ್ನು ನಳಿಕೆ ತಡೆಯಲಾರದು.

ಕೈಯಾರೆ ಉಣಿಸುವುದೆಂದರೆ ಕೈಬಿಟ್ಟಂತೆ ಎಂದು ಭಾವಿಸಿ ಕುಟುಂಬದವರು ತಪ್ಪಿತಸ್ಥ ಭಾವದಲ್ಲಿ ನರಳುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಅದು ಪೂರ್ಣ ಪ್ರಮಾಣದ ಆರೈಕೆ, ನಳಿಕೆಗಿಂತ ಹೆಚ್ಚು ಸಮಯವನ್ನೂ ತಾಳ್ಮೆಯನ್ನೂ ಕೇಳುವ ಕೆಲಸ. ರೋಗಿ ಚುರುಕಾಗಿರುವ ಹೊತ್ತು ನೋಡಿ, ನೆಟ್ಟಗೆ ಕೂರಿಸಿ, ಸಣ್ಣ ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕೊಡಿ. ಗಂಟಲು ಮೇಲೆ ಕೆಳಗೆ ಆಡಿದ್ದನ್ನು ಕಂಡ ಮೇಲೆಯೇ ಮುಂದಿನ ಚಮಚ. ಮುಖ ತಿರುಗಿಸಿದರೆ ಅಲ್ಲಿಗೆ ನಿಲ್ಲಿಸಿ.

ಮರೆಗುಳಿ ರೋಗ ಇನ್ನೂ ಬಲಿಯದವರಿಗೆ ಸೋಂಕು, ಪಾರ್ಶ್ವವಾಯು ಇತ್ಯಾದಿ ಚೇತರಿಸಿಕೊಳ್ಳಬಹುದಾದ ಕಾರಣದಿಂದ ನುಂಗಲಾಗದಿದ್ದರೆ ಸೀಮಿತ ಅವಧಿಗೆ ನಳಿಕೆ ಸರಿಯಾದ ಆಯ್ಕೆ.

ಮಾನಸಿಕ ಕಾಯಿಲೆಯಲ್ಲಿ ಲೆಕ್ಕ ಮತ್ತೂ ಬೇರೆ. ದೇಹ ಮರಗಟ್ಟಿದಂತಾಗಿ ಮಾತು, ಊಟ ಎರಡೂ ನಿಲ್ಲುವ ಕ್ಯಾಟಟೋನಿಯಾ, ತೀವ್ರ ಖಿನ್ನತೆ, ಊಟದಲ್ಲಿ ವಿಷ ಬೆರೆಸಿದ್ದಾರೆ ಎಂಬ ಭ್ರಮೆ, ದಪ್ಪಗಾಗುವ ಭಯದಿಂದ ಊಟ ಬಿಡುವ ಅನೊರೆಕ್ಸಿಯಾ ಇವೆಲ್ಲ ಚಿಕಿತ್ಸೆಗೆ ಬಗ್ಗುವ ಸ್ಥಿತಿಗಳು. ಕ್ಯಾಟಟೋನಿಯಾಗೆ ಲೊರಾಜೆಪಾಮ್ ಮತ್ತು ವಿದ್ಯುತ್ ಕಂಪನ ಚಿಕಿತ್ಸೆ ಚೆನ್ನಾಗಿ ಕೆಲಸ ಮಾಡುತ್ತವೆ. ಅಲ್ಲಿಯವರೆಗೆ ಜೀವ ಹಿಡಿದಿಡುವುದಷ್ಟೇ ನಳಿಕೆಯ ಕೆಲಸ. ಮೂಲ ಕಾಯಿಲೆಯ ಚಿಕಿತ್ಸೆ ಮುಂದೆ ಸಾಗದೆ ನಳಿಕೆ ಮಾತ್ರ ತಿಂಗಳುಗಟ್ಟಲೆ ಉಳಿದಿದ್ದರೆ ಎಲ್ಲೋ ತಪ್ಪಿದೆ ಎಂದು ತಿಳಿದು ಮನೋವೈದ್ಯರನ್ನು ಮತ್ತೆ ಕಾಣಿ. ವಿಷದ ಭಯವಿರುವವರಿಗೆ ಮುಚ್ಚಿದ ಪೊಟ್ಟಣವನ್ನು ಅವರ ಕಣ್ಣೆದುರೇ ಒಡೆದು ಕೊಡುವುದನ್ನು ನಳಿಕೆಗೂ ಮೊದಲು ಪ್ರಯತ್ನಿಸಬೇಕು.

ಒಪ್ಪಿಗೆಯ ವಿಷಯ: ರೋಗಿ ತಾನೇ ನಿರ್ಧರಿಸಬಲ್ಲರಾದರೆ ಅವರ ಮಾತೇ ಕೊನೆ. ಹಾಗಿಲ್ಲದಿದ್ದರೆ ಅವರು ಮೊದಲು ಹೇಳಿದ್ದ, ಬರೆದಿಟ್ಟಿದ್ದ ಇಚ್ಛೆಯನ್ನು ಹುಡುಕಿ. ಇಚ್ಛೆಗೆ ವಿರುದ್ಧವಾಗಿ ನಳಿಕೆ ಹಾಕುವುದನ್ನು ಕಾನೂನಿನ ಪ್ರಕಾರ ವೈದ್ಯರ ತಂಡವೇ ತೀರ್ಮಾನಿಸಬೇಕು. ಮನೆಯವರು ಕೈಕಾಲು ಹಿಡಿದು ಹಾಕಿಸುವ ಸಂದರ್ಭ ಬರಲೇಬಾರದು.

ಹಾಕುವುದೆಂದು ನಿರ್ಧಾರವಾದರೆ ಯಾವ ಉದ್ದೇಶಕ್ಕೆ ಎಂಬುದನ್ನೂ ಮತ್ತೆ ಪರಿಶೀಲಿಸುವ ದಿನಾಂಕವನ್ನೂ ವೈದ್ಯರಿಂದ ಬರೆಸಿಕೊಳ್ಳಿ. ದಿನಾಂಕವಿಲ್ಲದ ನಳಿಕೆ ತಾನಾಗಿಯೇ ಕಾಯಂ ಆಗಿಬಿಡುತ್ತದೆ.

ಹಂತ 2: ಯಾವ ನಳಿಕೆ?

ನಾಲ್ಕರಿಂದ ಆರು ವಾರಗಳೊಳಗಿನ ಅಗತ್ಯಕ್ಕೆ ಮೂಗಿನ ನಳಿಕೆ. ಅದಕ್ಕಿಂತ ಹೆಚ್ಚು ಕಾಲ ಬೇಕೆನಿಸಿದರೆ ಹೊಟ್ಟೆಯ ಗೋಡೆಯಲ್ಲಿ ರಂಧ್ರ ಮಾಡಿ ಎಂಡೊಸ್ಕೋಪಿ ಮೂಲಕ ಇಡುವ ಪೆಗ್ ನಳಿಕೆ. ಪಿವಿಸಿಯಿಂದ ಮಾಡಿದ ಸಾಮಾನ್ಯ ರೈಲ್ಸ್ ಟ್ಯೂಬ್ ದಿನ ಕಳೆದಂತೆ ಗಡುಸಾಗಿ ಮೂಗನ್ನು ಉಜ್ಜುತ್ತದೆ. ಹೆಚ್ಚು ಕಾಲಕ್ಕೆ ಪಾಲಿಯುರಿಥೇನ್ ಅಥವಾ ಸಿಲಿಕೋನ್‌ನ ಮೃದುವಾದ, ತೆಳುವಾದ ನಳಿಕೆ ಕೇಳಿ. ಎಷ್ಟು ದಿನಕ್ಕೊಮ್ಮೆ ಬದಲಾಯಿಸಬೇಕೆಂಬುದು ಪೊಟ್ಟಣದ ಮೇಲೆ ಇರುತ್ತದೆ.

ಹಂತ 3: ಕೈಗೆಟುಕುವಲ್ಲಿ ಇರಬೇಕಾದ ಸಾಮಗ್ರಿ

ಆಹಾರದ ನಳಿಕೆಗೇ ಮೀಸಲಾದ 50 ಅಥವಾ 60 ಮಿ.ಲೀ. ಸಿರಿಂಜ್, ದ್ರವದ ಆಮ್ಲೀಯತೆ ತೋರಿಸುವ ಪಿಎಚ್ ಕಾಗದದ ಪಟ್ಟಿ, ಅಳತೆಯ ಲೋಟ, ಕುದಿಸಿ ಆರಿಸಿದ ನೀರು, ಚರ್ಮಕ್ಕೆ ಅಂಟಿಸುವ ಟೇಪು, ಗಡಿಯಾರ, ಒಂದು ನೋಟ್‌ಪುಸ್ತಕ.

ಸಣ್ಣ ಸಿರಿಂಜ್ ಬಳಸಬೇಡಿ. ಸಿರಿಂಜ್ ಸಣ್ಣದಾದಷ್ಟೂ ಒತ್ತಡ ಹೆಚ್ಚಿ ನಳಿಕೆ ಒಡೆಯಬಹುದು. ರಕ್ತನಾಳಕ್ಕೆ ಔಷಧ ಕೊಡುವ ಸಿರಿಂಜ್ ಅನ್ನೂ ಬಳಸಬೇಡಿ. ರೋಗಿಗೆ ಡ್ರಿಪ್ ಕೂಡ ಇದ್ದರೆ ಆಹಾರ ರಕ್ತನಾಳಕ್ಕೆ ಹೋಗುವ ಅಪಾಯವಿದೆ. ನಳಿಕೆ ಎಲ್ಲಿಂದ ಹೊರಟಿದೆ ಎಂದು ಬೆರಳಿನಿಂದ ಗುರುತಿಸುತ್ತಾ ಹೋಗಿ ಖಚಿತಪಡಿಸಿಕೊಂಡ ಮೇಲೆಯೇ ಜೋಡಿಸಿ.

ಹಂತ 4: ಮೊದಲ ವಾರ ನಿಧಾನವಾಗಿ

ಬಹುದಿನ ಉಪವಾಸವಿದ್ದವರಿಗೆ ಒಮ್ಮೆಲೇ ಪೂರ್ತಿ ಆಹಾರ ಕೊಟ್ಟರೆ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ದಿಢೀರನೆ ಕುಸಿದು ಹೃದಯದ ಬಡಿತ ತಪ್ಪಬಹುದು, ಉಸಿರಾಟ ಸೋಲಬಹುದು. ವೈದ್ಯರು ಇದನ್ನು ರೀಫೀಡಿಂಗ್ ಸಿಂಡ್ರೋಮ್ ಎನ್ನುತ್ತಾರೆ. ಖಿನ್ನತೆ, ಕ್ಯಾಟಟೋನಿಯಾ, ಅನೊರೆಕ್ಸಿಯಾ ಇರುವವರಲ್ಲಿ ಇದರ ಭಯ ಹೆಚ್ಚು. ‘ಎಷ್ಟು ದಿನದಿಂದ ಸರಿಯಾಗಿ ತಿಂದಿಲ್ಲ’ ಎಂಬ ಪ್ರಶ್ನೆಗೆ ಆಸ್ಪತ್ರೆಯಲ್ಲಿ ಸುತ್ತಿ ಬಳಸದೆ ಉತ್ತರ ಕೊಡಿ. ಐದು ದಿನ ದಾಟಿದ್ದರೆ ಮೊದಲೆರಡು ದಿನ ಅಗತ್ಯದ ಅರ್ಧಕ್ಕಿಂತ ಹೆಚ್ಚು ಕೊಡುವುದಿಲ್ಲ. ಅಪಾಯ ಹೆಚ್ಚಿರುವವರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 10 ಕಿಲೋಕ್ಯಾಲರಿಯಿಂದ ಶುರುಮಾಡಿ ನಾಲ್ಕರಿಂದ ಏಳು ದಿನಗಳಲ್ಲಿ ಏರಿಸುತ್ತಾರೆ. ಆಹಾರಕ್ಕೂ ಮೊದಲು ಥಯಮಿನ್ (ವಿಟಮಿನ್ ಬಿ1) ಕೊಡಬೇಕು, ರಕ್ತ ಪರೀಕ್ಷೆ ನಡೆಯುತ್ತಿರಬೇಕು. ಇದು ಮನೆಯಲ್ಲಿ ಮಾಡುವ ಕೆಲಸವೇ ಅಲ್ಲ. ಬಲ ಬರಲಿ ಎಂದು ವೈದ್ಯರು ಬರೆದುಕೊಟ್ಟದ್ದಕ್ಕಿಂತ ಹೆಚ್ಚು ಕೊಡುವ ಪ್ರೀತಿ ಈ ವಾರದಲ್ಲಿ ಪ್ರಾಣಕ್ಕೇ ಎರವಾದೀತು.

ಸ್ಥಿತಿ ಸ್ಥಿರವಾದ ಮೇಲೆ ದಿನದ ಲೆಕ್ಕ ಹೀಗೆ: ಕಿಲೋಗೆ 25ರಿಂದ 30 ಕಿಲೋಕ್ಯಾಲರಿ, ಸುಮಾರು 30 ಮಿ.ಲೀ. ನೀರು. 50 ಕಿಲೋ ತೂಗುವವರಿಗೆ ಕನಿಷ್ಠ 1250 ಕಿಲೋಕ್ಯಾಲರಿ ಬೇಕು. ಒಂದು ಮಿ.ಲೀ.ಗೆ ಒಂದು ಕಿಲೋಕ್ಯಾಲರಿ ಇರುವ ಸಿದ್ಧ ಆಹಾರವಾದರೆ 1250 ಮಿ.ಲೀ., ಅಂದರೆ ಐದು ಹೊತ್ತಿಗೆ 250ರಂತೆ. ಅದರಲ್ಲಿ ನೀರಿನ ಅಂಶವೇ ಸುಮಾರು 1050 ಮಿ.ಲೀ. ಇರುತ್ತದೆ. ಒಟ್ಟು ಬೇಕಾದ 1500ಕ್ಕೆ ಉಳಿದ 450 ಮಿ.ಲೀ. ನೀರನ್ನು ನಳಿಕೆ ತೊಳೆಯುವಾಗ ಮತ್ತು ಔಷಧದ ಜೊತೆ ಸೇರಿಸಬೇಕು. ಹೃದಯ, ಮೂತ್ರಪಿಂಡದ ತೊಂದರೆ ಇದ್ದವರಿಗೆ ಈ ಲೆಕ್ಕ ಹೊಂದುವುದಿಲ್ಲ.

ಹಂತ 5: ಪ್ರತಿ ಊಟದ ಅನುಕ್ರಮ

ಇದನ್ನು ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಿಡಿ. ಆರೈಕೆಗೆ ಹೊಸಬರು ಬಂದ ದಿನವೇ ತಪ್ಪುಗಳಾಗುವುದು ಹೆಚ್ಚು.

1. ಸೋಪಿನಿಂದ ಕೈ ತೊಳೆಯಿರಿ. ಏನು ಮಾಡುತ್ತಿದ್ದೀರಿ ಎಂದು ರೋಗಿಗೆ ಹೇಳಿ. ಅವರಿಗೆ ಅರ್ಥವಾಗುವುದಿಲ್ಲ ಎನಿಸಿದರೂ ಹೇಳಿ. ಪರಿಚಿತ ದನಿ ಕೇಳಿದರೆ ಗಾಬರಿ ತಗ್ಗುತ್ತದೆ.

2. ತಲೆದಿಸೆಯನ್ನು 30ರಿಂದ 45 ಡಿಗ್ರಿ ಎತ್ತರಿಸಿ. ತಲೆಯ ಕೆಳಗಷ್ಟೇ ದಿಂಬು ಇಟ್ಟರೆ ಕತ್ತು ಬಾಗಿ ಹೊಟ್ಟೆ ಒತ್ತುತ್ತದೆ; ಸೊಂಟದಿಂದ ಮೇಲಿನ ಭಾಗವೆಲ್ಲ ಏರಬೇಕು. ಕುರ್ಚಿಯಲ್ಲಿ ಕೂರಬಲ್ಲವರಾದರೆ ಕೂರಿಸಿ.

3. ನಳಿಕೆಯ ಜಾಗ ಖಚಿತಪಡಿಸಿಕೊಳ್ಳಿ. ಇದು ನೀರು ಬಿಡುವುದಕ್ಕೂ ಮೊದಲು ಆಗಬೇಕು. ಮೂಗಿನ ನಳಿಕೆಯಾದರೆ ಹೊಳ್ಳೆಯ ಬಳಿಯ ಸೆಂಟಿಮೀಟರ್ ಗುರುತು ಹಾಕಿದ ದಿನದಷ್ಟೇ ಇದೆಯೇ ನೋಡಿ. ಬಾಯೊಳಗೆ ನಳಿಕೆ ಸುರುಳಿ ಸುತ್ತಿಕೊಂಡಿದೆಯೇ ನೋಡಿ. ಆಮೇಲೆ ಸಿರಿಂಜಿನಿಂದ ಸ್ವಲ್ಪ ದ್ರವ ಹಿಂದಕ್ಕೆಳೆದು ಪಿಎಚ್ ಕಾಗದಕ್ಕೆ ಹಚ್ಚಿ. 5.5 ಅಥವಾ ಅದಕ್ಕಿಂತ ಕಡಿಮೆ ಬಂದರೆ ತುದಿ ಹೊಟ್ಟೆಯಲ್ಲಿದೆ. ದ್ರವ ಬರದಿದ್ದರೆ ಎಡ ಮಗ್ಗುಲಿಗೆ ತಿರುಗಿಸಿ 15ರಿಂದ 30 ನಿಮಿಷ ಬಿಟ್ಟು ಮತ್ತೆ ಎಳೆಯಿರಿ. ಆಮ್ಲ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸಂಖ್ಯೆ ಏರಿರಬಹುದು. ಅಂಥವರ ಮಿತಿ ಏನೆಂದು ಮೊದಲೇ ಕೇಳಿಟ್ಟುಕೊಳ್ಳಿ. ಅನುಮಾನ ಉಳಿದರೆ ಆಹಾರ ಬೇಡ, ಎಕ್ಸ್-ರೇ ಬೇಕು.

ಗಾಳಿ ಹೊಡೆದು ಹೊಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಸದ್ದು ಕೇಳುವ ಹಳೆಯ ಕ್ರಮವನ್ನು ಇಂದಿಗೂ ಕೆಲವರು ಕಲಿಸುತ್ತಾರೆ. ಅದನ್ನು ನಂಬಬೇಡಿ. ತುದಿ ಶ್ವಾಸಕೋಶದಲ್ಲಿದ್ದರೂ ಅಂಥದೇ ಸದ್ದು ಕೇಳಬಹುದು.

ಪೆಗ್ ಇರುವವರಿಗೆ ಪಿಎಚ್ ಬೇಕಿಲ್ಲ. ಚರ್ಮದ ಬಳಿಯ ಗುರುತಿನ ಸಂಖ್ಯೆ ಬದಲಾಗಿದೆಯೇ, ನೋವು ಅಥವಾ ಸೋರಿಕೆ ಇದೆಯೇ ನೋಡಿದರೆ ಸಾಕು.

4. 30 ಮಿ.ಲೀ. ನೀರು ಬಿಡಿ.

5. ಸಿರಿಂಜಿನ ದಂಡ ತೆಗೆದು, ಕೊಳವೆಯನ್ನು ಹೊಟ್ಟೆಯ ಮಟ್ಟಕ್ಕಿಂತ ಸುಮಾರು ಒಂದಡಿ ಮೇಲೆ ಹಿಡಿದು ಆಹಾರ ಸುರಿಯಿರಿ. ತನ್ನ ಭಾರಕ್ಕೆ ತಾನೇ ಇಳಿಯಲಿ, ದಂಡದಿಂದ ಒತ್ತಬೇಡಿ. 250 ಮಿ.ಲೀ. ಇಳಿಯಲು 20ರಿಂದ 30 ನಿಮಿಷ ಹಿಡಿಯಬೇಕು. ಬೇಗ ಇಳಿಯುತ್ತಿದ್ದರೆ ಕೈ ತಗ್ಗಿಸಿ. ಆಹಾರ ಕೋಣೆಯ ಉಷ್ಣತೆಯಲ್ಲಿರಲಿ.

6. ಈ ಹೊತ್ತಿನಲ್ಲಿ ಮೊಬೈಲ್ ನೋಡಬೇಡಿ, ರೋಗಿಯ ಮುಖ ನೋಡಿ. ಹುಬ್ಬು ಗಂಟಿಕ್ಕುವುದು, ಬೆವರುವುದು, ಕೈ ಹೊಟ್ಟೆಯ ಕಡೆ ಹೋಗುವುದು, ಉಸಿರು ಜೋರಾಗುವುದು, ಕೆಮ್ಮು, ಗಂಟಲಲ್ಲಿ ಗೊರಗೊರ ಸದ್ದು ಇವೇ ಅವರ ದೂರುಗಳು. ಒಂದು ಕಂಡರೂ ನಿಲ್ಲಿಸಿ.

7. ಕೊಳವೆ ಪೂರ್ತಿ ಬರಿದಾಗುವ ಮೊದಲೇ ಮತ್ತೆ 30 ಮಿ.ಲೀ. ನೀರು ಬಿಡಿ. ನಳಿಕೆಯನ್ನು ಮಡಚಿ ಹಿಡಿದು ಸಿರಿಂಜ್ ಬಿಡಿಸಿ ಮುಚ್ಚಳ ಹಾಕಿ.

8. ಮುಂದಿನ ಒಂದು ಗಂಟೆ ಅದೇ ಭಂಗಿಯಲ್ಲಿ ಬಿಡಿ. ಬಟ್ಟೆ ಬದಲಾಯಿಸುವುದು, ಮಗ್ಗುಲು ತಿರುಗಿಸುವುದು, ಕಫ ತೆಗೆಯುವುದನ್ನೆಲ್ಲ ಊಟಕ್ಕೆ ಮೊದಲೇ ಮುಗಿಸಿರಬೇಕು.

ಪುಡಿಯಿಂದ ಕಲಸಿದ ಆಹಾರ ಹೊರಗಿದ್ದರೆ ನಾಲ್ಕು ಗಂಟೆಯೊಳಗೆ ಬಳಸಿ, ಉಳಿದದ್ದನ್ನು ಚೆಲ್ಲಿ. ಮನೆಯಲ್ಲಿ ರುಬ್ಬಿದ ಆಹಾರ ಕೊಡುವುದಾದರೆ ಅದು ನಳಿಕೆ ಕಟ್ಟಿಸಬಹುದು, ಬೇಗ ಕೆಡಬಹುದು, ಪೋಷಕಾಂಶದ ಲೆಕ್ಕವೂ ಸಿಗುವುದಿಲ್ಲ. ತೆಳುವಾದ ಮೂಗಿನ ನಳಿಕೆಗೆ ಅದು ಬೇಡವೇ ಬೇಡ.

ಹಂತ 6: ಔಷಧ ಕೊಡುವುದು

ದ್ರವ ರೂಪದಲ್ಲಿ ಸಿಗುವ ಔಷಧವನ್ನು ಹಾಗೆಯೇ ಕೇಳಿ ಪಡೆಯಿರಿ. ಮಾತ್ರೆಯೇ ಆದರೆ ಒಂದೊಂದನ್ನೂ ಬೇರೆಯಾಗಿ ನುಣ್ಣಗೆ ಪುಡಿಮಾಡಿ ನೀರಿನಲ್ಲಿ ಕರಗಿಸಿ ಕೊಡಿ. ನಡುನಡುವೆ 10 ಮಿ.ಲೀ., ಕೊನೆಯಲ್ಲಿ 30 ಮಿ.ಲೀ. ನೀರು ಬಿಡಿ. ಆಹಾರದ ಜೊತೆ ಬೆರೆಸಬೇಡಿ.

ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ ಮತ್ತು ಕರುಳಿನಲ್ಲಿ ಕರಗುವ ಲೇಪನದ ಮಾತ್ರೆಗಳನ್ನು ಎಂದಿಗೂ ಪುಡಿಮಾಡಬಾರದು. ಮನೋವೈದ್ಯಕೀಯದಲ್ಲಿ ಬಳಸುವ ಲಿಥಿಯಂ, ವಾಲ್ಪ್ರೊಯೇಟ್ ಮಾತ್ರೆಗಳಲ್ಲಿ ಹಲವು ಇಂಥವೇ. ಪುಡಿಮಾಡಿದರೆ ದಿನವಿಡೀ ಇಳಿಯಬೇಕಾದ ಔಷಧ ಒಮ್ಮೆಲೇ ದೇಹಕ್ಕೆ ಸೇರುತ್ತದೆ. ಲಿಥಿಯಂ ಪಡೆಯುವವರಿಗೆ ಭೇದಿಯಾದರೆ ಅಥವಾ ನೀರು ಕಡಿಮೆಯಾದರೆ ರಕ್ತದಲ್ಲಿ ಅದರ ಮಟ್ಟ ವಿಷವಾಗುವಷ್ಟು ಏರಬಹುದು. ಕೈ ನಡುಕ, ತೊದಲು, ಮಂಪರು ಕಂಡರೆ ಅಂದೇ ತೋರಿಸಿ. ಸ್ಕಿಜೋಫ್ರೀನಿಯಾಗೆ ಕೊಡುವ ಕ್ಲೋಜಪಿನ್ ಪಡೆಯುವವರಲ್ಲಿ ಮಲಬದ್ಧತೆ ಪ್ರಾಣಾಪಾಯದ ಮಟ್ಟಕ್ಕೆ ಹೋಗುವುದುಂಟು, ಮಲ ಹೋದ ದಿನಗಳನ್ನು ಬರೆದಿಡಿ. ಅಪಸ್ಮಾರದ ಔಷಧ ಫಿನಿಟಾಯಿನ್ ಕೊಡುವುದಾದರೆ ಆಹಾರಕ್ಕೂ ಅದಕ್ಕೂ ಎಷ್ಟು ಅಂತರ ಬೇಕೆಂದು ಕೇಳಿ. ಸಾಮಾನ್ಯವಾಗಿ ಹಿಂದೆ ಮುಂದೆ ಒಂದೆರಡು ಗಂಟೆ ಬಿಡುತ್ತಾರೆ.

ಹಂತ 7: ಬಾಯಿ, ಮೂಗು, ಹೊಟ್ಟೆಯ ರಂಧ್ರ

ಬಾಯಿಂದ ಏನೂ ತಿನ್ನದವರ ಬಾಯಿ ಹೆಚ್ಚು ಕೊಳೆಯಾಗುತ್ತದೆ, ಆ ಎಂಜಲೇ ಶ್ವಾಸಕೋಶಕ್ಕೆ ಇಳಿಯುತ್ತದೆ. ದಿನಕ್ಕೆರಡು ಸಲ ಮೃದುವಾದ ಬ್ರಷ್‌ನಿಂದ ಹಲ್ಲು, ನಾಲಿಗೆ ಉಜ್ಜಿ, ತುಟಿ ಒಣಗದಂತೆ ನೋಡಿಕೊಳ್ಳಿ. ಮೂಗಿನ ಟೇಪನ್ನು ದಿನವೂ ಬದಲಾಯಿಸಿ, ಹೊಳ್ಳೆಯ ಅಂಚು ಕೆಂಪಾಗಿದ್ದರೆ ನಳಿಕೆ ಒತ್ತದಂತೆ ಟೇಪಿನ ದಿಕ್ಕು ತಿರುಗಿಸಿ.

ಪೆಗ್ ರಂಧ್ರದ ಸುತ್ತ ದಿನವೂ ಸೋಪು ನೀರಿನಿಂದ ತೊಳೆದು ಪೂರ್ತಿ ಒಣಗಿಸಿ. ನಳಿಕೆ ಜಾರದಂತೆ ಹಿಡಿದಿಡುವ ಹೊರಗಿನ ತಟ್ಟೆಗೂ ಚರ್ಮಕ್ಕೂ ಅರ್ಧದಿಂದ ಒಂದು ಸೆಂಟಿಮೀಟರ್ ಅಂತರ ಇರಬೇಕು. ಗಾಯ ಮಾಗಿದ ಮೇಲೆ, ವೈದ್ಯರು ಹೇಳಿದ ದಿನದಿಂದ, ವಾರಕ್ಕೊಮ್ಮೆಯಾದರೂ ನಳಿಕೆಯನ್ನು ಎರಡು ಮೂರು ಸೆಂಟಿಮೀಟರ್ ಒಳಗೆ ತಳ್ಳಿ, ಸುತ್ತಲೂ ತಿರುಗಿಸಿ, ಮತ್ತೆ ಮೊದಲಿನ ಜಾಗಕ್ಕೆ ಎಳೆದಿಡಿ. ಹೀಗೆ ಮಾಡದಿದ್ದರೆ ಒಳಗಿನ ತಟ್ಟೆ ಹೊಟ್ಟೆಯ ಗೋಡೆಯಲ್ಲಿ ಹೂತುಹೋಗಬಹುದು. ತಿರುಗದೆ ಬಿಗಿಯಾಗಿದ್ದರೆ ಬಲ ಹಾಕಬೇಡಿ, ಆಹಾರವನ್ನೂ ಕೊಡಬೇಡಿ. ಹೊಟ್ಟೆಯನ್ನು ದಾಟಿ ಸಣ್ಣ ಕರುಳಿಗೆ ಹೋಗುವ ನಳಿಕೆಯನ್ನು ಮಾತ್ರ ತಿರುಗಿಸಬಾರದು.

ಹಂತ 8: ನಳಿಕೆ ಕಿತ್ತುಕೊಳ್ಳುವವರು

ಕೈ ಕಟ್ಟುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಅದು ಬೇಡ. ಕೈ ಕಟ್ಟಿದವರು ಇನ್ನಷ್ಟು ಕೆರಳುತ್ತಾರೆ, ಮಗ್ಗುಲಾಗದೆ ಹಾಸಿಗೆ ಹುಣ್ಣಾಗುತ್ತದೆ, ಆಮೇಲೆ ಕೆರಳಿದ್ದಕ್ಕೆಂದು ನಿದ್ರೆಯ ಔಷಧ ಏರುತ್ತದೆ.

ಕಿತ್ತುಕೊಳ್ಳುವ ಹೊತ್ತನ್ನು ನೋಟ್‌ಪುಸ್ತಕದಲ್ಲಿ ಗುರುತಿಸಿ. ಟೇಪಿನ ತುರಿಕೆ, ಒದ್ದೆ ಬಟ್ಟೆ, ತುಂಬಿದ ಮೂತ್ರಕೋಶ, ಸಂಜೆಯ ಗೊಂದಲ, ಹೊಟ್ಟೆ ಉಬ್ಬರ ಹೀಗೆ ಏನೋ ಒಂದು ಕಾರಣ ಸಾಮಾನ್ಯವಾಗಿ ಸಿಗುತ್ತದೆ. ನಳಿಕೆಯ ಉದ್ದವನ್ನು ಕಣ್ಣಿಗೆ ಬೀಳದಂತೆ ಕಿವಿಯ ಹಿಂದಕ್ಕೆ, ಬೆನ್ನ ಕಡೆಗೆ ಒಯ್ಯಿರಿ. ಪೆಗ್ ಇದ್ದರೆ ಹೊಟ್ಟೆಗೆ ಅಗಲ ಪಟ್ಟಿ ಸುತ್ತಿ, ಹಿಂದೆ ಗುಂಡಿ ಇರುವ ಅಂಗಿ ತೊಡಿಸಿ. ಕೈಗೆ ಹಿಡಿದಾಡಲು ಮೆತ್ತನೆಯದೇನಾದರೂ ಕೊಡಿ. ಮೂಗಿನ ಹಿಂಭಾಗದಲ್ಲಿ ನಳಿಕೆಯನ್ನು ಭದ್ರಪಡಿಸುವ ಸಾಧನವೂ ಇದೆ, ಅದನ್ನು ತರಬೇತಿ ಪಡೆದವರೇ ಹಾಕಬೇಕು. ಇಷ್ಟಾದರೂ ಮತ್ತೆ ಮತ್ತೆ ಕೀಳುತ್ತಿದ್ದರೆ ಅದನ್ನು ಅವರ ಉತ್ತರವೆಂದೂ ಪರಿಗಣಿಸಿ, ಹಂತ 1ಕ್ಕೆ ಮರಳಿ ವೈದ್ಯರೊಡನೆ ಕೂತು ಮಾತಾಡಿ.

ಮೂಗಿನ ನಳಿಕೆ ಅರ್ಧ ಹೊರಬಂದರೆ ಒಳಗೆ ತಳ್ಳಬೇಡಿ. ಪೆಗ್ ಹೊರಬಂದರೆ ರಂಧ್ರದ ಮೇಲೆ ಸ್ವಚ್ಛ ಬಟ್ಟೆ ಇಟ್ಟು ತಕ್ಷಣ ಆಸ್ಪತ್ರೆಗೆ ಹೊರಡಿ. ರಂಧ್ರ ಕೆಲವೇ ಗಂಟೆಗಳಲ್ಲಿ ಮುಚ್ಚತೊಡಗುತ್ತದೆ. ಹಾಕಿ ನಾಲ್ಕು ವಾರವೂ ಆಗಿಲ್ಲದಿದ್ದರೆ ಕುರುಡಾಗಿ ಮತ್ತೆ ತೂರಿಸುವುದು ಬಹಳ ಅಪಾಯ, ಆಹಾರ ಜಠರದೊಳಗೆ ಹೋಗದೆ ಅದರ ಹೊರಗಿನ ಉದರದ ಟೊಳ್ಳಿಗೆ ಸೋರಬಹುದು.

ಹಂತ 9: ಕಟ್ಟಿಕೊಂಡ ನಳಿಕೆ, ಭೇದಿ

ಕಟ್ಟಿಕೊಂಡರೆ ದೊಡ್ಡ ಸಿರಿಂಜಿನಲ್ಲಿ ಉಗುರುಬೆಚ್ಚನೆಯ ನೀರು ತೆಗೆದುಕೊಂಡು ಮೃದುವಾಗಿ ಮುಂದಕ್ಕೂ ಹಿಂದಕ್ಕೂ ಆಡಿಸಿ, ಕೆಲವು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ. ತಂತಿ ತೂರಿಸಬೇಡಿ, ತಂಪು ಪಾನೀಯ ಸುರಿಯಬೇಡಿ.

ಭೇದಿಯಾದರೆ ಆಹಾರವನ್ನೇ ದೂರುವ ಮೊದಲು ಇಳಿಸುವ ವೇಗ, ಪಾತ್ರೆಯ ಸ್ವಚ್ಛತೆ, ಸಾರ್ಬಿಟಾಲ್ ಎಂಬ ಸಿಹಿಕಾರಕ ಇರುವ ಸಿರಪ್, ಇತ್ತೀಚಿನ ಆ್ಯಂಟಿಬಯಾಟಿಕ್ ಇವನ್ನು ನೋಡಿ. ಗಟ್ಟಿ ಮಲ ತುಂಬಿಕೊಂಡು ಅದರ ಬದಿಯಿಂದ ನೀರಾಗಿ ಸೋರುವುದೂ ಉಂಟು.

ಹಂತ 10: ತಕ್ಷಣ ನಿಲ್ಲಿಸಿ ವೈದ್ಯರನ್ನು ಕರೆಯಬೇಕಾದ ಸೂಚನೆಗಳು

ಊಟದ ನಡುವೆ ಅಥವಾ ನಂತರ ಕೆಮ್ಮು, ಉಸಿರುಗಟ್ಟುವಿಕೆ, ತುಟಿ ನೀಲಿಯಾಗುವುದು; ಜ್ವರದ ಜೊತೆ ಏದುಸಿರು; ಮತ್ತೆ ಮತ್ತೆ ವಾಂತಿ; ಹೊಟ್ಟೆ ಉಬ್ಬಿ ಗಟ್ಟಿಯಾಗುವುದು; ಕಪ್ಪು ಮಲ ಅಥವಾ ನಳಿಕೆಯಲ್ಲಿ ರಕ್ತ; ರಂಧ್ರದ ಸುತ್ತ ಹರಡುವ ಕೆಂಪು, ಕೀವು; ಎಚ್ಚರ ತಪ್ಪುವುದು. ಪೆಗ್ ಹಾಕಿದ ಮೊದಲ 72 ಗಂಟೆಗಳಲ್ಲಿ ಆಹಾರ ಕೊಡುವಾಗ ನೋವಾದರೆ, ಹೊಸ ರಕ್ತ ಬಂದರೆ, ಹೊಟ್ಟೆಯ ದ್ರವ ಹೊರಗೆ ಸೋರಿದರೆ ಒಂದು ಗುಟುಕೂ ಮುಂದುವರಿಸಬೇಡಿ. ನೋವು ಹೇಳಲಾಗದವರಲ್ಲಿ ನರಳಾಟ, ಮೊಣಕಾಲು ಮಡಚಿಕೊಳ್ಳುವುದು, ಇದ್ದಕ್ಕಿದ್ದಂತೆ ಮಂಕಾಗುವುದನ್ನೇ ನೋವೆಂದು ತಿಳಿಯಿರಿ.

ಹಂತ 11: ಮರುಪರಿಶೀಲನೆ ಮತ್ತು ನಿಲ್ಲಿಸುವುದು

ವಾರಕ್ಕೊಮ್ಮೆ ತೂಕ ನೋಡಿ. ಬರೆದಿಟ್ಟ ದಿನಾಂಕ ಬಂದಾಗ ಉದ್ದೇಶ ಈಡೇರಿದೆಯೇ ಎಂದು ಕೇಳಿ. ಮಾನಸಿಕ ಕಾಯಿಲೆ ಹಿಡಿತಕ್ಕೆ ಬಂದವರಲ್ಲಿ ಸ್ಪೀಚ್ ಥೆರಪಿಸ್ಟ್ ನುಂಗುವಿಕೆಯನ್ನು ಪರೀಕ್ಷಿಸಿದ ಮೇಲೆ ಬಾಯಿಂದ ಶುರುಮಾಡಿ, ಅಷ್ಟಷ್ಟೇ ನಳಿಕೆಯ ಪ್ರಮಾಣ ತಗ್ಗಿಸಿ. ಅಗತ್ಯದ ಮುಕ್ಕಾಲು ಪಾಲು ಕೆಲವು ದಿನ ಸತತವಾಗಿ ಬಾಯಿಂದಲೇ ಹೋಗುತ್ತಿದ್ದರೆ ನಳಿಕೆ ತೆಗೆಯುವ ಮಾತಾಡಬಹುದು. ಊಟಕ್ಕೆ ಸ್ವಲ್ಪ ಮೊದಲು ನಳಿಕೆಯಿಂದ ಹೊಟ್ಟೆ ತುಂಬಿಸಿ ಆಮೇಲೆ ‘ಬಾಯಿಂದ ತಿನ್ನುತ್ತಿಲ್ಲ’ ಎನ್ನುವುದು ಇಲ್ಲಿನ ಸಾಮಾನ್ಯ ತಪ್ಪು.

ಮರೆಗುಳಿ ರೋಗದ ಕೊನೆಯ ದಿನಗಳಲ್ಲಿ ದೇಹ ಆಹಾರವನ್ನು ಒಲ್ಲದು. ಕಾಲು ಊದುವುದು, ಕಫ ಹೆಚ್ಚುವುದು, ಕೊಟ್ಟದ್ದು ಹೊಟ್ಟೆಯಲ್ಲೇ ನಿಲ್ಲುವುದು ಅದರ ಲಕ್ಷಣಗಳು. ಆಗ ಪ್ರಮಾಣ ಇಳಿಸುವ, ನಿಲ್ಲಿಸುವ ನಿರ್ಧಾರವನ್ನು ವೈದ್ಯರೊಡನೆ ಸೇರಿ ತೆಗೆದುಕೊಳ್ಳಿ. ಸಾವಿನ ಸಮೀಪ ಹಸಿವು ಸಾಮಾನ್ಯವಾಗಿ ಕಾಡುವುದಿಲ್ಲ. ಕಾಡುವುದು ಬಾಯಿ ಒಣಗುವುದು, ಅದಕ್ಕೆ ಆಗಾಗ ಬಾಯಿ ಒದ್ದೆ ಮಾಡಿದರೆ ಸಾಕು. ಆಹಾರ ನಿಂತರೂ ನೋವು, ಉಸಿರಾಟ, ಅಪಸ್ಮಾರದ ಔಷಧಗಳು ನಿಲ್ಲಬಾರದು. ನಳಿಕೆ ತೆಗೆದ ಮೇಲೆ ಅವನ್ನು ಯಾವ ದಾರಿಯಲ್ಲಿ ಕೊಡಬೇಕು, ರಾತ್ರಿ ಹೊತ್ತು ಯಾರನ್ನು ಕರೆಯಬೇಕು ಎಂಬ ಎರಡನ್ನೂ ನಿಲ್ಲಿಸುವ ಮುಂಚೆಯೇ ಬರೆಸಿಕೊಂಡಿರಿ.